ಮಾಸ್ಟರರ ಮಧ್ಯಾಹ್ನದ ನಿದ್ದೆ

ಊರಿನ ಒಳ್ಳೆಯ ಕೋಟುಗಳೆಲ್ಲ ತಮ್ಮ ಕತ್ತರಿಯಿಂದಲೇ ಹುಟ್ಟಿದವು ಎಂಬ ಜಂಬ ಮಾಸ್ಟರರಿಗೆ ಇತ್ತು. ಒಂದು ಕಾಲಕ್ಕೆ ಅದು ನಿಜವೂ ಆಗಿತ್ತು ಬಿಡಿ. ಅವರ ಟೈಲರ್ ಅಂಗಡಿಯಲ್ಲಿ ಯಾರು ಬೇಕಾದರೂ ಹೊಲಿಯಬಹುದು, ಬಟ್ಟೆಗೆ ಕತ್ತರಿ ಹಾಕುವವರು ಮಾತ್ರ ಅವರೊಬ್ಬರೇ. ಮಗ ಸೂಜಿ ಕಂಡರೆ ಮಾರು ದೂರ ಓಡಿ ಬಸ್ಸಿನ ಡ್ರೈವರ್ ಆಗಿದ್ದ. ಸೊಸೆ ಬಂದಾಗಿನಿಂದ ಮಿಷನ್ ತುಳಿಯುತ್ತಿದ್ದಳು. ಅವಳು ಕತ್ತರಿಗೆ ಕೈ ಚಾಚಿದರೆ ಸಾಕು, "ಕಾಲ ಬರ್ಲಿ ತಾಯಿ" ಎನ್ನುತ್ತಿದ್ದರು. ಕಾಲ ಬರುವ ಲಕ್ಷಣವೇ ಕಾಣುತ್ತಿರಲಿಲ್ಲ.

ಆ ವಾರ ಟಿವಿಯಲ್ಲಿ ಒಂದೇ ಸುದ್ದಿ. ದೇಶವಾಳುವ ಮುದಿ ನಾಯಕರು ಭಾಷಣದ ನಡುವೆ ತಡವರಿಸಿ, ಪಕ್ಕದಲ್ಲಿದ್ದ ಮಂತ್ರಿಯ ಹೆಸರನ್ನೇ ಮರೆತು ನಿಂತಿದ್ದರು. ಆದರೂ ಕುರ್ಚಿ ಬಿಡಲೊಲ್ಲರು. ಮಾಸ್ಟರರ ಬಾಯಿಗೆ ಬಿಡುವೇ ಇಲ್ಲ.

"ವಯಸ್ಸಾದ್ಮೇಲೆ ಮರ್ಯಾದೆಯಾಗಿ ಎದ್ದು ಹೋಗ್ಬೇಕಪ್ಪ," ಎಂದರು ಕಪ್ಪು ಬಟ್ಟೆಯ ಮೇಲೆ ಗೆರೆ ಎಳೆಯುತ್ತ. "ದೊಡ್ಡತನ ಅಂದ್ರೆ ಅದು. ಹೋಗ್ಲಿ, ಸುತ್ತ ಇರೋರಿಗಾದ್ರೂ ಬಾಯಿಲ್ವಾ? ಒಬ್ರಾದ್ರೂ ಹೇಳ್ಬಾರ್ದಾ?"

ಸೊಸೆ ತಲೆ ಬಗ್ಗಿಸಿ ಸೂಜಿಗೆ ದಾರ ಪೋಣಿಸಿದಳು. ಗುಂಡಿಗೆ ಕಾಜಾ ಹಾಕುವ, ಎಲ್ಲರೂ ಕಾಜಾ ಎಂದೇ ಕರೆಯುವ ಮುದುಕನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು.

"ಹೇಳೋದು ಕಷ್ಟ ಮಾಸ್ಟರ್," ಎಂದ.

"ಏನಯ್ಯ ಕಷ್ಟ? ನನ್ನ ಕಳ್ಸು, ಮುಖಕ್ಕೆ ಹೊಡೆದ ಹಾಗೆ ಹೇಳಿ ಬರ್ತೀನಿ."

ಅಷ್ಟರಲ್ಲಿ ವಕೀಲರು ತಮ್ಮ ಹೊಸ ಕೋಟಿನ ಟ್ರಯಲ್‌ಗೆ ಬಂದರು. ತೊಟ್ಟು ನೋಡಿದರೆ ಕಂಕುಳಲ್ಲಿ ಬಿಗಿ, ಎಡಗೈ ಎತ್ತಲಾಗಲಿಲ್ಲ. ಮಾಸ್ಟರ್ ಸೊಸೆಯ ಕಡೆ ತಿರುಗಿ ಗದರಿದರು. "ನಾನು ಹಾಕಿದ ಗುರುತು ಬಿಟ್ಟು ಹೊಲಿದಿದ್ದೀಯ! ಎಷ್ಟು ಸಲ ಹೇಳ್ಬೇಕು ನಿಂಗೆ?"

"ತಪ್ಪಾಯ್ತು ಮಾವ. ನಾಳೆ ಸರಿ ಮಾಡಿ ಕೊಡ್ತೀನಿ," ಎಂದಳು ಸೊಸೆ. ವಕೀಲರು ಅವಳನ್ನು ಮೇಲಿಂದ ಕೆಳಗೆ ನೋಡಿ ಹೊರಟುಹೋದರು.

ಮರುದಿನ ಊಟವಾದ ಕೂಡಲೇ ಸೊಸೆ ಎಂದಿನಂತೆ, "ಮಾವ, ಸ್ವಲ್ಪ ಅಡ್ಡಾಗಿ ಹೋಗಿ" ಎಂದು ಅವರನ್ನು ಮಹಡಿಗೆ ಕಳಿಸಿದಳು. ತಮ್ಮ ಮೇಲೆ ಅವಳಿಗೆಷ್ಟು ಗೌರವ ಎಂದುಕೊಳ್ಳುತ್ತ ಮಾಸ್ಟರ್ ದಿನಾ ಹಾಯಾಗಿ ಗೊರಕೆ ಹೊಡೆಯುತ್ತಿದ್ದರು. ಆದರೆ ಅಂದು ದಿಂಬಿಗೆ ತಲೆ ಕೊಡುವ ಮೊದಲೇ ಟಿವಿ ಬೊಬ್ಬೆ ಹಾಕಿತು. ಮುದಿ ನಾಯಕರು ಕೊನೆಗೂ ರಾಜೀನಾಮೆ ಕೊಟ್ಟಿದ್ದರು. ಸುದ್ದಿಯನ್ನು ತಾವೇ ಮೊದಲು ಹೇಳಬೇಕೆಂದು ಮಾಸ್ಟರ್ ದಡದಡ ಮೆಟ್ಟಿಲಿಳಿದರು.

ಸೊಸೆ ಮೇಜಿನ ಮುಂದೆ ನಿಂತು ಕಪ್ಪು ಬಟ್ಟೆಯ ಹೊಸ ತುಂಡು ಕತ್ತರಿಸುತ್ತಿದ್ದಳು. ಕತ್ತರಿ ಎಲ್ಲೂ ತಡೆಯದೆ ಸಲೀಸಾಗಿ ಓಡುತ್ತಿತ್ತು. ಪಕ್ಕದಲ್ಲಿ ವಕೀಲರ ಕೋಟಿನಿಂದ ಬಿಚ್ಚಿದ ತೋಳು ಬಿದ್ದಿತ್ತು. ಮೇಜಿನ ಕೆಳಗಿನ ಬುಟ್ಟಿ ತುಂಬ ತೋಳು, ಕಾಲರ್, ಎದೆಭಾಗಗಳು. ಎಲ್ಲದರ ಮೇಲೂ ಮಾಸ್ಟರರ ಗೆರೆ, ಎಲ್ಲವೂ ಸೊಟ್ಟ.

ಹೇಳಬಂದ ಸುದ್ದಿ ಬಿಟ್ಟು ಮಾಸ್ಟರ್ ಬುಟ್ಟಿಯಿಂದ ಒಂದು ತೋಳು ಎತ್ತಿಕೊಂಡರು. "ಇದೆಲ್ಲ ಯಾವಾಗಿಂದ?" ಎಂದರು.

ಸೊಸೆ ಕತ್ತರಿ ಕೆಳಗಿಟ್ಟಳು. ಕಾಜಾನೇ ಹೇಳಿದ. "ನಿಮ್ಮ ಕೈ ನಡುಗೋಕೆ ಶುರುವಾದಾಗಿಂದ. ನೀವು ಮಲಗಿದಾಗ ನಿಮ್ಮ ಸೊಸೆ ಎಲ್ಲ ಸರಿ ಮಾಡ್ತಾರೆ. ವಕೀಲರ ಕೋಟು ಕತ್ತರಿಸಿದ ದಿನ ನೀವು ಮಲಗ್ಲೇ ಇಲ್ವಲ್ಲ, ಅದೊಂದು ಹಾಗೇ ಉಳೀತು."

"ಹೊಸ ಬಟ್ಟೆ ಎಲ್ಲಿಂದ?"

"ನಿಮ್ಮ ಮಗ ತಂದ್ಕೊಡ್ತಾನೆ."

ಮಾಸ್ಟರರಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಕೈ ನಡುಗಿದ್ದಕ್ಕಲ್ಲ, ಅದು ವಯಸ್ಸು. ನಿನ್ನೆ ಹೊರಗಿನವರ ಎದುರು ಆ ಹುಡುಗಿಯನ್ನು ಗದರಿದ್ದಕ್ಕೆ, ಅವಳು ತಪ್ಪಾಯ್ತು ಎಂದದ್ದಕ್ಕೆ.

ಸಂಜೆ ವಕೀಲರು ಬಂದರು. ಕೋಟು ಹೇಳಿ ಮಾಡಿಸಿದ ಹಾಗೆ ಕೂತಿತು. "ನಿಮ್ಮ ಕತ್ತರಿ ಅಂದ್ರೆ ಕತ್ತರಿ, ಮಾಸ್ಟರ್!"

"ನನ್ನದಲ್ಲ ಸ್ವಾಮಿ. ಕೆಡಿಸಿದ್ದು ನಾನು. ಸರಿ ಮಾಡಿದ್ದು ನನ್ನ ಸೊಸೆ."

ವಕೀಲರು ನಕ್ಕರು. "ನೋಡಿ, ಕೈಕೆಳಗಿನವರ ತಪ್ಪನ್ನ ಮೈಮೇಲೆ ಹಾಕ್ಕೊಳ್ಳೋದು! ದೊಡ್ಡ ಮನಸ್ಸು ನಿಮ್ದು."

"ಮಾವ ಯಾವಾಗ್ಲೂ ಹೀಗೇ," ಎಂದು ಸೊಸೆಯೂ ನಕ್ಕುಬಿಟ್ಟಳು. ತಾವು ನಿಜ ಹೇಳಿದರೂ ತಮ್ಮ ಮಾನ ಕಾಯುತ್ತಿದ್ದಾಳೆ! ಮಾಸ್ಟರರ ಕಿವಿ ಬಿಸಿಯಾಯಿತು.

ವಕೀಲರಿಗೆ ಒಂದು ಪ್ಯಾಂಟೂ ಬೇಕಿತ್ತು. ಮಾಸ್ಟರ್ ಅಳತೆ ಹಿಡಿದು ಕೂಗುವುದು, ಕೈಕೆಳಗಿನವರು ಬರೆದುಕೊಳ್ಳುವುದು ಆ ಅಂಗಡಿಯ ರೂಢಿ. ಮಾಸ್ಟರ್ ಕೊರಳಿನ ಟೇಪು ತೆಗೆದು ಸೊಸೆಯ ಕೈಗಿಟ್ಟರು.

"ಅಳತೆ ನೀನು ಹಿಡಿ. ಇನ್ಮೇಲೆ ಕತ್ತರಿನೂ ನಿಂದೇ."

ವಕೀಲರ ನಗು ನಿಂತಿತು. ಮಾಸ್ಟರ್ ಪೆನ್ಸಿಲ್ ಹಿಡಿದು ಸ್ಟೂಲಿನ ಮೇಲೆ ಕೂತರು. ಸೊಸೆ ಸೊಂಟದ ಅಳತೆ ಕೂಗಿದಳು. ಅವರ ನಡುಗುವ ಕೈ ಅಂಕಿಯನ್ನು ಬರೆದು ಮುಗಿಸುವವರೆಗೂ, ಟೇಪು ಬಿಗಿಯಾಗಿದೆಯೇ ಎಂದು ನೋಡುವವಳ ಹಾಗೆ ನಟಿಸುತ್ತ ಕಾದಳು. ಆಮೇಲೆ ಉದ್ದದ ಅಳತೆ ಕೂಗಿದಳು.