ಕೈ ಎಟುಕದ ತಗ್ಗು

2019ನೇ ಇಸವಿ ಮಾರ್ಚ್ 16, ಶನಿವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ನಮ್ಮ ಚಿಕ್ಕಮ್ಮ ವಾರ್ಡ್ ಕಚೇರಿಯ ಸಭಾಂಗಣದಲ್ಲಿ ಚಪ್ಪಲಿ ಕಳಚಿಟ್ಟು ಮೇಜಿನ ಮೇಲೆ ಹತ್ತಿದರು.

ಮೇಜಿನ ಮೇಲೆ ಹಾಸಿದ್ದು ನಕ್ಷೆ. ಅವರ ಬೀದಿಯ ಹಿಂದಿರುವ ಆರು ಹೆಕ್ಟೇರ್ ಬಯಲನ್ನು ನಗರಸಭೆ ನಿಸರ್ಗ ಉದ್ಯಾನ ಮಾಡಲು ಹೊರಟಿತ್ತು, ಅದೂ ಜನರ ಮನಸ್ಸಿಗೆ ಒಪ್ಪುವಂತೆ. ಜನರ ಮನಸ್ಸನ್ನು ಅಳೆಯಲು ತಂದಿದ್ದ ಉಪಕರಣ ಹಸಿರು ಬಣ್ಣದ ದುಂಡು ಸ್ಟಿಕರ್. ವಾರ್ಡಿನವರಿಗೆ ತಲೆಗೊಂದು. ಬೇಕಾದ ಜಾಗದಲ್ಲಿ ಅಂಟಿಸುವುದು, ಅಲ್ಲಿ ಏನು ಬೇಕೆಂದು ಅದರ ಮೇಲೆ ಬರೆಯುವುದು. ಈ ವಿಧಾನ ಕಂಡುಹಿಡಿದ ವಿನ್ಯಾಸಕಾರನಿಗೆ ಚಿಕ್ಕಮ್ಮ ಬಾಗಿಲಲ್ಲೇ ಹೆಸರಿಟ್ಟಿದ್ದರು: ಬೊಟ್ಟಿನ ಸಾಹೇಬ.

ಸಾಹೇಬನಿಗೆ ದೊಡ್ಡ ನಕ್ಷೆಯ ಮೋಹ. ನಾಲ್ಕು ಮೇಜು ಜೋಡಿಸಿ ಹಾಸಿದ್ದ. ಅಂಚಿನಲ್ಲಿ ನಿಂತವರ ಕೈ ಹೆಚ್ಚೆಂದರೆ ಒಂದು ಮೊಳ, ಒಂದೂವರೆ ಮೊಳ ಒಳಗೆ ಹೋಗುತ್ತಿತ್ತು. ಆದ್ದರಿಂದ ಜನ ಕೈ ಎಟುಕಿದಲ್ಲಿ ಅಂಟಿಸಿದರು, ಅಂಟಿಸಿದ ಮೇಲೆ ಅದೇ ತಮ್ಮ ಬಹುಕಾಲದ ಆಸೆಯೆಂದು ನಂಬಿದರು. ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರು ಶೌಚಾಲಯ ನಟ್ಟನಡುವೆ ಇರಬೇಕೆಂದು ಭಾಷಣ ಮಾಡಿ, ಬಗ್ಗಲು ಸೊಂಟ ಒಪ್ಪದೆ, ಅದನ್ನು ತಮ್ಮ ಪಕ್ಕದ ಮನೆಯ ಕಾಂಪೌಂಡಿಗೆ ತಾಗಿಸಿ ಅಂಟಿಸಿದರು.

"ಅಲ್ಲ ಸಾರ್, ನಡುವೆ ಅಂದ್ರಲ್ಲ?" ಅಂದೆ.

"ಅಲ್ಲಿ ಗಾಳಿ ಚೆನ್ನಾಗಿರುತ್ತೆ ಬಿಡಿ."

ನಕ್ಷೆಯ ನಡುವೆ ಇದ್ದದ್ದು ಒಂದು ತಗ್ಗು. ಬೇಸಿಗೆಯಲ್ಲಿ ಹುಲ್ಲು, ಮಳೆ ಬಂದರೆ ಕೆರೆಯ ತುಣುಕು, ಕಪ್ಪೆಗಳ ಸಂಸಾರ. ಸುತ್ತಲಿನ ಮೂರು ಬೀದಿಗಳ ನೀರು ಹರಿದು ಅಲ್ಲಿಗೇ ಸೇರಿ ಇಂಗುತ್ತದೆ. ಆ ತಗ್ಗು ಮುಚ್ಚಿದರೆ ನೀರು ನಿಲ್ಲುವ ಮುಂದಿನ ತಗ್ಗು ಚಿಕ್ಕಮ್ಮನ ಅಡುಗೆಮನೆ. ನಾನು ಓದಿದ್ದು ಮಣ್ಣು ಮತ್ತು ನೀರಿನ ವಿಜ್ಞಾನ. ನೆಲದ ಏರುತಗ್ಗು ಅಳೆಯುವ ಉಪಕರಣ ಹಿಡಿದು ಅಳೆದು ನೋಡಿದ್ದೆ. ಅದನ್ನು ಹೇಳಲೆಂದೇ ಜೊತೆಗೆ ಹೋಗಿದ್ದೆ.

ಬೊಟ್ಟಿನ ಸಾಹೇಬ ನನ್ನ ಮಾತನ್ನು ತಲೆದೂಗುತ್ತ ಕೇಳಿದ. ಕೋಲೆಬಸವನಿಗೂ ಅಷ್ಟು ತಲೆದೂಗಲು ಬಾರದು.

"ತುಂಬಾ ಒಳ್ಳೇ ವಿಷಯ ಸರ್. ಆದ್ರೆ ಇವತ್ತು ತಜ್ಞರ ದಿನ ಅಲ್ಲ, ಜನರ ದಿನ. ನೀವು ಈ ವಾರ್ಡಿನವರಾ?"

"ಅಲ್ಲ."

"ಹಾಗಾದ್ರೆ ನಿಮಗೆ ಸ್ಟಿಕರ್ ಇಲ್ಲ. ಬಿಸ್ಕತ್ತು ತಗೊಳ್ಳಿ."

ಆಗಲೇ ಚಿಕ್ಕಮ್ಮ ಕುರ್ಚಿ ಎಳೆದದ್ದು.

"ಚಿಕ್ಕಮ್ಮ, ಬೀಳ್ತೀರ!"

"ಬಿದ್ರೆ ಬೀಳ್ತೀನಿ. ನೀನು ಹಿಡ್ಕೊಳ್ಳೋ, ಇಷ್ಟು ಓದಿಸಿದ್ದು ಇನ್ಯಾತಕ್ಕೆ?"

ಅರವತ್ತೆಂಟು ವರ್ಷದ ಹೆಂಗಸು ಮಂಡಿಯೂರಿ ತೆವಳುತ್ತ ಹೋಗಿ ತಗ್ಗಿನ ಮೇಲೆ ತಮ್ಮ ಬೊಟ್ಟು ಇಟ್ಟು, 'ಹೀಗೇ ಇರಲಿ' ಎಂದು ಬರೆದರು. ಜನ ಚಪ್ಪಾಳೆ ತಟ್ಟಿದರು. ಸಾಹೇಬ ಫೋಟೋ ತೆಗೆದುಕೊಂಡ. ಮ್ಯಾನೇಜರ್ ಮಾತ್ರ, "ನಕ್ಷೆ ಮುದುರಿ ಹೋಯ್ತು" ಎಂದು ಆಕ್ಷೇಪಿಸಿದರು.

ಮುಂದಿನ ತಿಂಗಳು ಅದೇ ಸಭಾಂಗಣದಲ್ಲಿ ಫಲಿತಾಂಶ. ಗೋಡೆಯ ಮೇಲೆ ಬಣ್ಣದ ಚಿತ್ರ ಮೂಡಿತು. ಉದ್ಯಾನದ ಅಂಚಿನುದ್ದಕ್ಕೂ ಬೆಂಚು, ಜೋಕಾಲಿ, ಶೌಚಾಲಯ, ಕಾರಂಜಿ, ಸಂತೆಗೆ ಬಂದವರಂತೆ ಒಂದರ ಭುಜಕ್ಕೊಂದು ತಾಗಿ ನಿಂತಿದ್ದವು. ನಡುವೆ ಬೂದು ಬಣ್ಣದ ದೊಡ್ಡ ಚೌಕ.

"ಇದೇನು?" ಚಿಕ್ಕಮ್ಮ ಕೇಳಿದರು.

"ಪಾರ್ಕಿಂಗ್, ಅಮ್ಮಾ. ಒಟ್ಟು ಇನ್ನೂರ ನಲವತ್ತು ಸ್ಟಿಕರ್ ಬಿದ್ವು. ಮಧ್ಯದಲ್ಲಿ ಬಿದ್ದದ್ದು ಒಂದೇ. ಅಂದ್ರೆ ಜನರಿಗೆ ಆ ಜಾಗದ ಮೇಲೆ ಆಸಕ್ತಿ ಇಲ್ಲ."

ನಾನು ಎದ್ದು ನಿಂತೆ. "ಆಸಕ್ತಿ ಇಲ್ಲ ಅಂತಲ್ಲ ಸ್ವಾಮಿ, ಕೈ ಎಟುಕಲಿಲ್ಲ. ನೀವು ಅಳೆದದ್ದು ಜನರ ತೋಳಿನ ಉದ್ದ."

ಸಾಹೇಬ ನಕ್ಕ. ಮಗ್ಗಿ ತಪ್ಪಿದ ಹುಡುಗನನ್ನು ಕಂಡ ಮೇಷ್ಟರ ನಗೆ ಅದು.

"ನಿಜವಾಗ್ಲೂ ಬೇಕು ಅನ್ನೋರು ಹೇಗಾದ್ರೂ ಅಂಟಿಸ್ತಾರೆ ಸರ್. ನಿಮ್ಮ ಚಿಕ್ಕಮ್ಮನೇ ಅಂಟಿಸಲಿಲ್ವಾ? ಈ ವಯಸ್ಸಿನವರಿಗೆ ಆಗುತ್ತೆ ಅಂದ್ಮೇಲೆ ಮಿಕ್ಕವರಿಗೆ ಯಾಕಾಗಲ್ಲ?" ಎಂದು ಚಿಕ್ಕಮ್ಮ ಮಂಡಿಯೂರಿದ ಫೋಟೋವನ್ನೇ ಗೋಡೆಯ ಮೇಲೆ ತೋರಿಸಿದ.

ಸಭೆಗೆ ಈ ತರ್ಕ ಬಹಳ ಹಿಡಿಸಿತು. ಒಂದೂವರೆ ಮೊಳದಾಚೆಗೆ ಕೈ ಚಾಚದವರೆಲ್ಲ ತಮಗೆ ಬೇಕಿರಲಿಲ್ಲವೆಂದು ಒಟ್ಟಾಗಿ ಒಪ್ಪಿಕೊಂಡರು. ಮ್ಯಾನೇಜರ್ ಅನುಮೋದಿಸಿದರು, ಅವರ ಮಗ ಎರಡನೇ ಕಾರು ಕೊಂಡಿದ್ದ.

"ಹಾಗಂತ ನಾವು ನಿಮ್ಮ ದನಿ ಕಡೆಗಣಿಸಿಲ್ಲ ಅಮ್ಮಾ," ಸಾಹೇಬ ಜೇನಿನಲ್ಲಿ ಅದ್ದಿದ ದನಿಯಲ್ಲಿ ಹೇಳಿದ. "ಇಡೀ ಉದ್ಯಾನದ ಇನ್ನೂರ ನಲವತ್ತರಲ್ಲಿ ಒಂದು ಪಾಲು ಜಾಗ ತಗ್ಗಾಗಿಯೇ ಉಳಿಸಿದ್ದೀವಿ. ಇನ್ನೂರೈವತ್ತು ಚದರ ಮೀಟರ್. ಸುತ್ತ ಬೇಲಿ, ಒಂದು ಬೋರ್ಡು."

"ನೀರಿಗೆ ಓದೋಕೆ ಬರುತ್ತಾ, ಬೋರ್ಡು ನೋಡಿ ಅಲ್ಲೇ ನಿಲ್ಲೋಕೆ?"

ಎಲ್ಲರೂ ನಕ್ಕರು. ಸಾಹೇಬನೂ ನಕ್ಕು, ಈ ಮಾತನ್ನೂ ಸಾರ್ವಜನಿಕ ಅಭಿಪ್ರಾಯವೆಂದು ಗುರುತು ಹಾಕಿಕೊಂಡ.

ತಗ್ಗು ಅರ್ಧ ಹೆಕ್ಟೇರಿನಷ್ಟಿತ್ತು, ಅಂದರೆ ಐದು ಸಾವಿರ ಚದರ ಮೀಟರ್. ಲಾರಿಗಳು ಒಂದು ವಾರ ಮಣ್ಣು ಸುರಿದವು, ರೋಲರ್ ಓಡಿತು, ಡಾಂಬರು ಬಿತ್ತು. ಜನರ ಪಾಲ್ಗೊಳ್ಳುವಿಕೆಗಾಗಿ ಉದ್ಯಾನಕ್ಕೆ ಪ್ರಶಸ್ತಿ ಬಂತು. ನಾನು ನಗರಸಭೆಗೆ ಕೊಟ್ಟ ಮೂರು ಅರ್ಜಿಗಳಿಗೂ ಉತ್ತರ ಬಂತು, ಮೂರರಲ್ಲೂ ನನ್ನ ಆಸಕ್ತಿಗೆ ಧನ್ಯವಾದವಿತ್ತು.

ಮೊದಲ ಜೋರು ಮಳೆ ಮಧ್ಯಾಹ್ನ ಬಂತು. ಸಂಜೆ ನಾನು ಹೋದಾಗ ಚಿಕ್ಕಮ್ಮ ಅಕ್ಕಪಕ್ಕದವರ ಜೊತೆ ಸೇರಿ ಅಕ್ಕಿ ಡಬ್ಬಗಳನ್ನು ಅಟ್ಟಕ್ಕೆ ಏರಿಸುತ್ತಿದ್ದರು.

"ಬಂದ್ಯಾ? ಬಕೆಟ್ ಆಮೇಲೆ ಹಿಡಿ. ಮೊದ್ಲು ನಿನ್ನ ಅಳತೆಕೋಲು ತೆಗಿ. ನಾಳೆ ಆ ಸಾಹೇಬ ಬಂದು, ಇದು ನೀರೇ ಅಲ್ಲ ಅಂದ್ರೆ?"

ಒಲೆಯ ಕಟ್ಟೆಗೆ ತಾಗಿಸಿ ಕೋಲು ನಿಲ್ಲಿಸಿದೆ. ಅಲೆ ಅಡಗುವವರೆಗೆ ಕಾದು, ಎರಡು ಸಲ ಓದಿದೆ.

ನೆಲದಿಂದ ನೀರಿನ ಎತ್ತರ ಹತ್ತೊಂಬತ್ತು ಸೆಂಟಿಮೀಟರ್.