ದೋಣಿಗೆ ಅಂಟಿದ ಜಡೆ

ಅತ್ತೆಯ ದನಿ ಗೇಟಿನ ಹತ್ತಿರ ಕೇಳಿಸಿದಾಗ ನಾನು ದೋಣಿಯ ಹೊಟ್ಟೆಯಲ್ಲಿದ್ದೆ. ಹೊರಗೆ ಉಳಿದಿದ್ದದ್ದು ಎರಡು ಕಾಲು ಮಾತ್ರ. ಅವನ್ನೂ ಒಳಗೆ ಎಳೆದುಕೊಂಡೆ.

ದೋಣಿ ಎಂದರೆ ಕಯಾಕ್, ಒಬ್ಬರೇ ಕೂತು ಹುಟ್ಟು ಹಾಕುವ ಸಪೂರ ದೋಣಿ. ಅಪ್ಪ ಅದನ್ನು ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಮಾಡುತ್ತಾನೆ. ಬೆರಳಗಲದ ತೆಳು ಮರದ ಪಟ್ಟಿಗಳನ್ನು ಒಂದರ ಪಕ್ಕ ಒಂದು ಅಂಟಿಸಿ, ನುಣ್ಣಗೆ ಉಜ್ಜಿ, ಒಳಗೂ ಹೊರಗೂ ಫೈಬರ್ ಬಟ್ಟೆ ಹೊದಿಸಿ, ಒಣಗಿದರೆ ಕಲ್ಲಾಗುವ ರೆಸಿನ್ ಅಂಟು ಬಳಿಯುತ್ತಾನೆ. ಈ ಸಲದ್ದು ಹೊಸದಲ್ಲ, ರಿಪೇರಿ. ಹಲ್ಲಿನ ಡಾಕ್ಟರು ಬಂಡೆಗೆ ಗುದ್ದಿಸಿಕೊಂಡು ತಂದಿದ್ದರು. ದೋಣಿಯ ಮೇಲುಭಾಗ, ಅಡಿಭಾಗ ಕೂಡುವ ಸಂದು ಕೂರುವ ಕಂಡಿಯಿಂದ ಒಂದು ಮೊಳ ಮುಂದೆ ಬಾಯಿ ಬಿಟ್ಟಿತ್ತು. ಅದಕ್ಕೆ ಒಳಗಿನಿಂದ ಫೈಬರ್ ಪಟ್ಟಿ ಅಂಟಿಸಬೇಕು. ಅಪ್ಪನ ಭುಜ ಆ ಕಂಡಿಯಲ್ಲಿ ತೂರುವುದಿಲ್ಲ, ನನ್ನದು ತೂರುತ್ತದೆ. ಹಾಗಾಗಿ ಒಳಗಿನ ಕೆಲಸವೆಲ್ಲ ನನ್ನದು. ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಅಲ್ಲಿ ಯಾರೂ ಏನೂ ಕೇಳುವುದಿಲ್ಲ. ನಾನು ಶಾಲೆ ಬಿಟ್ಟದ್ದು ಓದಲು ಬಾರದೆ ಅಲ್ಲ. ಎದ್ದು ನಿಂತು ಓದು ಎನ್ನುತ್ತಿದ್ದರು, ಅದಕ್ಕೆ.

ಅತ್ತೆ ಅಪ್ಪನ ಅಕ್ಕ. ಚಪ್ಪಲಿ ಅಂಗಡಿ ಇಟ್ಟಿದ್ದಾಳೆ. ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿ ನಾಲ್ಕು ಜನರ ಜೊತೆ ಮಾತಾಡುವ ಹಾಗೆ ಮಾಡಬೇಕೆಂದು ಫೋನಿನಲ್ಲಿ ಹೇಳುತ್ತಲೇ ಇದ್ದಳು. ಈಗ ಖುದ್ದಾಗಿ ಬಂದಿದ್ದಳು. ಅಪ್ಪ ಯಾರಿಗೆ ಬೇಕಾದರೂ ಇಲ್ಲ ಎಂದಾನು, ಅಕ್ಕನಿಗೆ ಮಾತ್ರ ಹುಟ್ಟಿದಾಗಿನಿಂದ ಎಂದವನಲ್ಲ. ದೋಣಿ ಎರಡು ಸ್ಟ್ಯಾಂಡುಗಳ ಮೇಲೆ ಮಗ್ಗುಲಾಗಿ ಮಲಗಿತ್ತು, ಕಂಡಿ ಗೋಡೆಯ ಕಡೆಗಿತ್ತು. ಅವಳು ಹೋಗುವ ತನಕ ಮಿಸುಕಾಡದೆ ಇದ್ದರಾಯಿತು ಎಂದುಕೊಂಡೆ.

"ಏನೋ ಇದು, ಮೀನು ಮಲಗಿಸಿದ ಹಾಗೆ ಮಲಗಿಸಿದೀಯ?" ಅತ್ತೆ ದೋಣಿಯನ್ನು ಟಕಟಕ ತಟ್ಟಿದಳು. ಒಳಗೆ ನನ್ನ ಕಿವಿಗೇ ತಟ್ಟಿದ ಹಾಗಾಯಿತು.

"ಮುಟ್ಬೇಡ ಅಕ್ಕ, ಒಳಗೆ ಅಂಟು ಹಸಿ ಇದೆ."

"ಮಗಳೆಲ್ಲಿ?"

"ಇಲ್ಲೇ... ಎಲ್ಲೋ ಇರ್ತಾಳೆ."

"ಚಪ್ಪಲಿ ಇಲ್ಲಿದೆ, ಕಾಲೆಲ್ಲಿ ಹೋಯ್ತು?" ಅತ್ತೆಯ ಕಣ್ಣಿಗೆ ಮೊದಲು ಬೀಳುವುದೇ ಚಪ್ಪಲಿ. "ನೋಡು, ಒಂದೇ ಪಕ್ಕ ಸವೆಸಿದಾಳೆ. ಗೋಡೆಗೆ ಒತ್ತಿಕೊಂಡೇ ನಡೀತಾಳೆ ಅಂತ ಇದೇ ಹೇಳುತ್ತೆ."

ಅಪ್ಪ ಕೆಮ್ಮಿದ. ನಾನೆಲ್ಲಿದ್ದೇನೆಂದು ಅವನಿಗೆ ಗೊತ್ತಿತ್ತು.

"ಬೆಳಗ್ಗೆ ಬಸ್ಸಿಗೆ ಕರ್ಕೊಂಡು ಹೋಗ್ತೀನಿ ಕಣೋ. ಅವಳಿಗೆ ಹೇಳಿ ಮಾಡಿಸಿದ ಕೆಲಸ. ನಮ್ಮಲ್ಲಿ ಗಿರಾಕಿ ಮುಖ ನೋಡೋದೇ ಬೇಡ, ಕಾಲು ನೋಡ್ಕೊಂಡು ಮಾತಾಡಿದ್ರೆ ಸಾಕು."

ಒಪ್ಪಬೇಕಾದ ಮಾತೇ. ಆದರೂ ನಾನು ಇನ್ನಷ್ಟು ಮುದುರಿಕೊಂಡೆ.

"ಅವಳನ್ನೂ ಒಂದು ಮಾತು ಕೇಳ್ಬೇಕಲ್ಲ ಅಕ್ಕ," ಎಂದ ಅಪ್ಪ, ದೋಣಿಯ ಹತ್ತಿರ ಬಂದು, ಬೇಕೆಂದೇ ಜೋರಾಗಿ. "ಅವಳೇ ಬೇಡ ಅಂದ್ಬಿಟ್ರೆ ನಾನೇನು ಮಾಡೋಕಾಗುತ್ತೆ?"

"ಅವಳು ಯಾವತ್ತು ಬಾಯಿ ಬಿಟ್ಟಿದಾಳೆ? ಬೇಡ ಅನ್ನಲಿಲ್ಲ ಅಂದ್ರೆ ಹೂಂ ಅಂತಾನೇ ಲೆಕ್ಕ."

ಅಪ್ಪ ಕಾದ. ದೋಣಿ ಸುಮ್ಮನಿತ್ತು.

"ಹೂಂ ಅಕ್ಕ," ಎಂದ ಕೊನೆಗೆ.

ಇನ್ನು ತಡೆಯಲಾಗಲಿಲ್ಲ. ಹೊರಗೆ ಬಂದು, ಅತ್ತೆಯ ಕಾಲು ನೋಡಿಕೊಂಡಾದರೂ ಹೇಳಿಬಿಡಬೇಕೆಂದು ಹಿಂದಕ್ಕೆ ಸರಿದೆ. ಮೈ ಬಂತು, ತಲೆ ಬರಲಿಲ್ಲ. ಭುಜದಿಂದ ಜಾರಿದ ಜಡೆ ನಾನು ಆಗಷ್ಟೇ ಅಂಟಿಸಿದ್ದ ಹಸಿ ಪಟ್ಟಿಯ ಮೇಲೆ ಉದ್ದಕ್ಕೆ ಮಲಗಿಬಿಟ್ಟಿತ್ತು. ತಗಡಿನ ಬಿಸಿಗೆ, ನಾನು ಬಚ್ಚಿಟ್ಟುಕೊಂಡಿದ್ದಷ್ಟು ಹೊತ್ತೂ, ರೆಸಿನ್ ತನ್ನ ಪಾಡಿಗೆ ತಾನು ಗಟ್ಟಿಯಾಗಿತ್ತು.

ಹೊರಗೆ ಬರಕ್ಕಾಗ್ತಿಲ್ಲ ಎಂದು ಕೂಗಬೇಕಿತ್ತು. ಮೂಗಿಗೆ ಅಂಟಿನ ಘಾಟಿಗೆಂದು ಕಟ್ಟಿದ ಮಾಸ್ಕು, ಮೈಯೆಲ್ಲ ಗಾಬರಿ. ಮಾತು ಅರ್ಧವೇ ಹೊರಬಿತ್ತು.

"ಬರಲ್ಲ!"

ಟೊಳ್ಳು ದೋಣಿ ಆ ಒಂದು ಮಾತನ್ನು ಹತ್ತು ಜನ ಕೂಗಿದ ಹಾಗೆ ಮಾಡಿತು. ಅತ್ತೆ ಕೂತಿದ್ದ ಸ್ಟೂಲು ದಡಾರನೆ ಬಿತ್ತು.

"ಅಯ್ಯಯ್ಯೋ! ಯಾರೋ ಅದು?"

"ಬರಲ್ಲ! ಎಷ್ಟು ಎಳೆದ್ರೂ ಬರಲ್ಲ!" ನಾನು ಹೇಳಿದ್ದು ಜಡೆಯ ವಿಷಯ.

"ಯಾರೇ ನಿನ್ನ ಎಳೆದಿದ್ದು? ಬಾಯಿ ಮಾತಲ್ಲಿ ಕೇಳಿದ್ದಪ್ಪ!"

"ಕೇಳಿಸ್ತಲ್ಲ ಅಕ್ಕ," ಎಂದ ಅಪ್ಪ. ಅವನ ಮುಖ ನನಗೆ ಕಾಣುತ್ತಿರಲಿಲ್ಲ, ದನಿಯೇ ನಗುತ್ತಿತ್ತು. "ಬೇಡ ಅಂತಿದಾಳೆ."

"ಜಡೆ ಅಪ್ಪಾ, ಜಡೆ! ಅಂಟ್ಕೊಂಡಿದೆ!"

ನಗು ನಿಂತಿತು. ದೋಣಿಯನ್ನು ಮೆಲ್ಲಗೆ ತಿರುಗಿಸಿದರು, ಟಾರ್ಚು ಬಂತು. ಅಪ್ಪ ಇಣುಕಿ ನಿಟ್ಟುಸಿರು ಬಿಟ್ಟ. "ಪಟ್ಟಿ ಕಿತ್ತು ಬೇರೆ ಹಾಕಿದ್ರಾಯ್ತು."

"ಕೀಳು, ಕೀಳು," ಎಂದಳು ಅತ್ತೆ. "ಅದು ನಮ್ಮಮ್ಮನ ಕೂದಲು ಕಣೋ, ಹಾಗೇ ಇಳಿದು ಬಂದಿದೆ. ಕತ್ತರಿ ತೋರಿಸೀಯ ಹುಷಾರು!"

"ಪಟ್ಟಿ ಯಾರೂ ಮುಟ್ಬೇಡಿ!" ಎಂದೆ. "ಒಂದು ಗಾಳಿಗುಳ್ಳೆ ಇಲ್ಲದೆ ಕೂತಿದೆ. ಜಡೆ ಕತ್ತರಿಸಿ."

ಹೀಗೆ ಅಪ್ಪಣೆ ಕೊಟ್ಟವಳು ನಾನೇ ಎಂದು ನಂಬಲು ನನಗೂ ಸ್ವಲ್ಪ ಹೊತ್ತು ಬೇಕಾಯಿತು. ಹೊರಗಿನವರಿಗೂ ಬೇಕಾಯಿತೇನೋ.

ಕೊನೆಗೆ ಅತ್ತೆಯೇ ಕತ್ತರಿ, ಟಾರ್ಚು ಹಿಡಿದು ತಲೆಯನ್ನೂ ಕೈಗಳನ್ನೂ ಒಳಗೆ ತೂರಿಸಿದಳು. ನಮ್ಮಿಬ್ಬರ ಮುಖ ಅಷ್ಟು ಹತ್ತಿರ ಯಾವತ್ತೂ ಬಂದಿರಲಿಲ್ಲ. ಆದರೆ ಅವಳು ನನ್ನ ಮುಖ ನೋಡಲಿಲ್ಲ. ಟಾರ್ಚಿನ ಬೆಳಕು ಸಂದಿನ ಗುಂಟ ಹೋಗಿ, ತುದಿ ಮುಟ್ಟಿ, ವಾಪಸ್ಸು ಬಂತು.

"ಇಷ್ಟು ಕತ್ತಲಲ್ಲಿ ಯಾರು ನೋಡ್ತಾರೆ ಅಂತ ಇಷ್ಟು ಚೊಕ್ಕಟವಾಗಿ ಮಾಡಿದೀಯೆ?"

"ಯಾರೂ ನೋಡಲ್ಲ ಅಂತಾನೇ, ಅತ್ತೆ."

ಬೆಳಕು ಇನ್ನೊಂದು ಸಲ ಸಂದಿನ ತುದಿಗೆ ಹೋಗಿ ಬಂತು. ಆಮೇಲೆ ಕತ್ತರಿ ಕಚಕ್ ಎಂದಿತು.

ಬೆಳಗ್ಗೆ ಅತ್ತೆ ಬಸ್ಸಿಗೆ ಒಬ್ಬಳೇ ಹೊರಟಳು. "ಇವಳನ್ನ ಅಂಗಡಿಗೆ ತರೋಣ ಅಂದ್ರೆ ದೋಣಿ ಸಮೇತ ತರಬೇಕಾಗುತ್ತೆ, ಬಾಗಿಲಲ್ಲಿ ತೂರಲ್ಲ," ಎಂದು ಅಪ್ಪನಿಗೆ ಹೇಳಿದಳು. ನನ್ನ ಸವೆದ ಚಪ್ಪಲಿಯನ್ನು ಅಳತೆಗೆಂದು ಚೀಲಕ್ಕೆ ಹಾಕಿಕೊಂಡಳು. ನಾನು ಬರಿಗಾಲಲ್ಲಿ ಗೇಟಿನ ತನಕ ಹೋದೆ.

ಹಲ್ಲಿನ ಡಾಕ್ಟರು ದೋಣಿ ಒಯ್ಯಲು ಬಂದಾಗ ನಾನು ಬಾಗಿಲ ಮರೆಯಲ್ಲಿದ್ದೆ. ಅವರು ಜೇಬಿನಿಂದ ತಮ್ಮ ಪುಟ್ಟ ಕನ್ನಡಿ ತೆಗೆದು ಕಂಡಿಯೊಳಗೆ ಹಿಡಿದು, ದವಡೆ ನೋಡುವ ಹಾಗೆ ನೋಡಿದರು.

"ಇದೇನು, ಕಪ್ಪಗೆ ಹೆಣೆದ ಹಾಗಿದೆ?"

"ಅದಾ?" ಅಪ್ಪ ತಲೆ ಕೆರೆದುಕೊಂಡ. "ಅದು... ಗಟ್ಟಿಗೆ ಅಂತ ಹಾಕಿದ್ದು ಸಾರ್."

ಡಾಕ್ಟರು ಹೆಬ್ಬೆರಳಿನಿಂದ ಒತ್ತಿ ನೋಡಿದರು. ತೃಪ್ತಿಯಾಯಿತು.

"ಹಾಗಾದ್ರೆ ಇನ್ನೊಂದು ಪಕ್ಕಕ್ಕೂ ಹಾಕಿಬಿಡಿ."

ಅಪ್ಪ ಮೆಲ್ಲಗೆ ತಿರುಗಿ ಬಾಗಿಲ ಕಡೆ ನೋಡಿದ. ನಾನು ಉಳಿದಿದ್ದ ಗಿಡ್ಡ ಕೂದಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ದೋಣಿಯ ಹೊರಗೇ ನಿಂತು, ಇಡೀ ಬೀದಿಗೆ ಕೇಳುವ ಹಾಗೆ ಹೇಳಿದೆ:

"ಆಗಲ್ಲ!"