ಸವಳಮಣ್ಣಿನ ಮಾಳಗಿ

ಅಂಬಾದಾಸ ಮಾಸ್ತರ ಕಲ್ತದ್ದು ಒಂದೀಟು ಹೆಚ್ಚಾಗಿತ್ತು ನೋಡ್ರಿ, ತ್ರಾಸ ಸುರು ಆಗಿದ್ದು ಅಲ್ಲಿಂದನ. ವಿಜಾಪುರದ ಇಂಜಿನಿಯರಿಂಗ್ ಕಾಲೇಜಿನಾಗ ಮಣ್ಣಿನ ಪರೀಕ್ಷಾ ಮಾಡೂದು ಅವನ ಕೆಲಸ. ಬಡವರ ಮಣ್ಣಿನ ಮಾಳಗಿ ಮಳಿಗೆ ಸೋರಬಾರದು, ಅದಕ್ಕ ಎಂಥಾ ಮಣ್ಣು ಬೇಕು, ಎಷ್ಟು ದಪ್ಪ ಬೇಕು ಅನ್ನೂದು ಅವನ ಸಂಶೋಧನಾ. ಕಾಲೇಜಿನ ಹಿಂದ ಒಂದು ಖೋಲಿ ಕಟ್ಟಿಸಿ, ಮಾಳಗಿ ಹಾಕಿ, ಮ್ಯಾಲೆ ನೀರು ಸುರುವಿ ನೋಡತಿದ್ದ. ಎರಡು ವರ್ಷದಾಗ ಐದು ಸಲ ಹಾಕ್ಯಾನ, ಐದೂ ಸಲ ಸೋರೇದ.

ಸೋರೂದಂದ್ರ ಹಂತಾದ್ದು ಹಿಂತಾದ್ದಲ್ಲ! ಬಬಲೇಶ್ವರದ ಕಡೆಯಿಂದ ಕಾಲೇಜಿಗೆ ಕಲಿಯಾಕ ಬರೂ ಹುಡುಗೂರು ಖೋಲಿ ಒಳಗ ಛತ್ರಿ ಬಿಚ್ಚಿ ನಿಂತು, "ಸರ್, ಹೊರಗ ಬಿಸಲು, ಒಳಗ ಮಳಿ!" ಅಂತ ನಗತಿದ್ರು. ಹಂಗಂತ ಕೈ ಬಿಟ್ಟವರಲ್ಲ ಮತ್ತ. ನಕ್ಕು ನಕ್ಕು ಆಮ್ಯಾಲೆ ಹಸಿಮಣ್ಣು ಹೊತ್ತು ಹಾಕೂವರೂ ಅವರೇ.

ಎಂಬತ್ನಾಲ್ಕನೇ ಇಸ್ವಿ ಬ್ಯಾಸಗಿಯೊಳಗ ವಿಭಾಗದ ಮುಖ್ಯಸ್ಥರು ಶಿವಯೋಗೆಪ್ಪನವರು ಅವನನ್ನ ಕರೆದ್ರು. "ಅಂಬಾದಾಸ, ಇನ್ನ ಹದಿನೈದು ದಿನಕ್ಕ ಯುನಿವರ್ಸಿಟಿಯಿಂದ ಇಬ್ಬರು ಬರಾಕತ್ತಾರ. ಅವತ್ತೂ ಸೋರಿದ್ರ ನಿನ್ನ ಸಂಶೋಧನಾ ಮುಚ್ಚತಾರ. ನಾ ಅಡ್ಡ ನಿಂತ್ರೂ ಕೇಳೂದಿಲ್ಲಪಾ," ಅಂದ್ರು. ಹೇಳೂಮುಂದ ಅವರ ಮಾರಿನೂ ಸಣ್ಣದಾಗಿತ್ತು.

ಅಂಬಾದಾಸ ಅವತ್ತನ ತನ್ನ ಊರ ಹಾದಿ ಹಿಡದ. ತಿಕೋಟಾ ಬಸ್ಸು ಹತ್ತಿ, ಅಲ್ಲಿಂದ ನಡಕೋತ ಕಳ್ಳಕವಟಗಿ ಮುಟ್ಟಿದ. ಮನಿ ಮುಂದ ನಿಂತು ನೋಡತಾನ, ಅವನವ್ವ ರುಕ್ಮವ್ವ ಮಾಳಗಿ ಮ್ಯಾಲೆ ನಿಂತಾಳ. ಮಿರಗದ ಮಳಿ ಬರೂದ್ರಾಗ ಹೊಸ ಮಣ್ಣು ಹರವಬೇಕಲ್ಲ. ಬುಟ್ಟಿಯಿಂದ ಒಂದು ಚಿಟಿಕಿ ಮಣ್ಣು ತಗೊಂಡು ನಾಲಿಗಿ ಮ್ಯಾಲೆ ಇಟ್ಟಳು, ಥೂ ಅಂತ ಉಗುಳಿ ಮುಂದ ಹರವಿದಳು.

ಅದನ್ನ ಕಂಡು ಅಂಬಾದಾಸಗ ಹೋದ ವರ್ಷದ್ದು ನೆನಪಾತು. ಅವ್ವ ರೊಟ್ಟಿ ಗಂಟು ಹಿಡಕೊಂಡು ಕಾಲೇಜಿಗೆ ಬಂದಾಕಿ, ಪರೀಕ್ಷಾದ ತಾಟಿನಾಗಿನ ಮಣ್ಣು ಬಾಯಿಗೆ ಹಾಕಿದ್ದಳು. ಹುಡುಗೂರ ಎದುರಿಗೆ ಇಂವ ಅಕಿ ಕೈ ಹಿಡದು, "ಉಗುಳು ಬೇ, ಮಂದಿ ನೋಡಾಕತ್ತಾರ!" ಅಂತ ಗದರಿಸಿದ್ದ. ಅಕಿ ಸೆರಗಿಗೆ ಕೈ ಒರಸಿಕೊಂಡು ಹೋದಾಕಿ ಮತ್ತ ಕಾಲೇಜಿನ ಕಡೆ ಹಣಿಕಿ ಹಾಕಿರಲಿಲ್ಲ.

"ಎಲ್ಲಾ ಮಾಡೇನಿ ಬೇ," ಅಂದ ಅಂಬಾದಾಸ, ನಿಚ್ಚಣಿಕಿ ಹತ್ತಿ ಬಂದು. "ಹಳ್ಳದ ದಂಡಿ ಮಣ್ಣ ತಂದೇನಿ, ಜರಡಿ ಹಿಡದೇನಿ, ಮೂರು ನೀರಿನಾಗ ತೊಳದೇನಿ. ಆದ್ರೂ ಸೋರತದ."

ರುಕ್ಮವ್ವ ಬುಟ್ಟಿ ಕೆಳಗಿಟ್ಟಳು. "ತೊಳದಿ? ಯಾಕ?"

"ಉಪ್ಪು, ಕಸಾ ಎಲ್ಲಾ ಹೋಗಲಿ ಅಂತ."

"ಅಯ್ಯ ನನ್ನ ಶಾಣ್ಯಾ ಮಗನ! ನೀರು ತಡಿಯೂದು ಆ ಉಪ್ಪಿನ ಸವಳಪಾ. ಅದನ್ನ ತೊಳದು ಚೆಲ್ಲಿದ ಮ್ಯಾಲೆ ಸೋರಲಾರದ ಏನ ಮಾಡತದ?" ಅಂತ ನಕ್ಕಾಕಿ, ಆಮ್ಯಾಲೆ ದನಿ ಇಳಿಸಿದಳು. "ಅವತ್ತನ ಹೇಳಾಕ ಹೊಂಟಿದ್ನಿ. ನಿನ್ನ ತಾಟಿನ ಮಣ್ಣು ಸಪ್ಪಗಿತ್ತು. ಅಷ್ಟರಾಗ ನೀ ಕೈ ಹಿಡದಿ."

ಅಂಬಾದಾಸ ಅಲ್ಲೇ ಮಣ್ಣಿನಾಗ ಕುಂತುಬಿಟ್ಟ. ಅಕಿ ಬುಟ್ಟಿ ತನ್ನ ಕಡೆ ಜಗ್ಗಿಕೊಂಡು, "ನನ್ನದು ತಪ್ಪಾತು. ನಡಿ ಬೇ ವಿಜಾಪುರಕ್ಕ," ಅಂದ.

"ನಾ ಒಲ್ಲೆಪಾ. ಅಲ್ಲಿ ಮಂದಿ ನೋಡತಾರ."

ಅಂದಳು ಖರೆ, ಹೆತ್ತ ಕರಳು ಕೇಳಬೇಕಲ್ಲ! ಮೂರನೇ ದಿನ ಎರಡು ಚಕ್ಕಡಿ ಸವಳಮಣ್ಣು ಕಾಲೇಜಿಗೆ ಬಂತು, ಮುಂದಿನ ಚಕ್ಕಡಿಯೊಳಗ ಮಣ್ಣಿನ ಮ್ಯಾಲೆ ರುಕ್ಮವ್ವ ಕುಂತಿದ್ದಳು. ಹುಡುಗೂರು ಬುಟ್ಟಿ ಹೊತ್ತರು, ದಿಮ್ಮಸು ಬಡದರು. ಒಂದೊಂದು ಬುಟ್ಟಿನೂ ಅಕಿ ರುಚಿ ನೋಡಿ ಪಾಸು ಮಾಡಿದ ಮ್ಯಾಲೇ ಮಾಳಗಿ ಏರಬೇಕು. "ಅಮ್ಮಾರ, ನಮ್ಮ ಪೇಪರೂ ನೀವ ತಪಾಸ ಮಾಡ್ರಿ," ಅಂತ ಹುಡುಗೂರು ಕಾಡತಿದ್ರು. ಮಂದಿ ಕಡಿಮಿ ಇದ್ದಾಗ ಅಕಿನೂ ನಗತಿದ್ದಳು, ಶಿವಯೋಗೆಪ್ಪನವರು ಬಂದ್ರ ಸೆರಗು ಮುಂದಕ್ಕ ಎಳಕೊತಿದ್ದಳು.

ಆ ದಿನ ಬಂತು. ಖೋಲಿ ತುಂಬ ಬಿಳಿ ಕಾಗದ ಹಾಸಿ, ಮ್ಯಾಲೆ ಅರವತ್ತು ಕೊಡ ನೀರು ಸುರುವಿದ್ರು. ಒಂದು ತಾಸಾತು, ಎರಡಾತು. ಬಾಗಿ ಬಾಗಿ ನೋಡಿದ್ರೂ ಕಾಗದದ ಮ್ಯಾಲೆ ಒಂದು ಹನಿ ಇಲ್ಲ. ಶಿವಯೋಗೆಪ್ಪನವರು ಕನ್ನಡಕ ತಗದು ಕಣ್ಣು ಒರಸಿಕೊಂಡ್ರು.

ಯುನಿವರ್ಸಿಟಿಯಿಂದ ಬಂದವರೊಳಗ ಹಿರಿಯರು ಸವಳದ ಸಂಗತಿ ತಿಳಕೊಂಡು ಕೇಳಿದ್ರು, "ಭೇಷ್! ಮಣ್ಣಿನಾಗಿನ ಉಪ್ಪನ್ನ ಯಾವ ಸಾಧನದಿಂದ ಅಳದ್ರಿ?"

ಎಲ್ಲಾರೂ ಅಂಬಾದಾಸನ ಮಾರಿ ನೋಡಿದ್ರು. ಉಪ್ಪಿನ ಪ್ರಮಾಣ ಬರದಿದ್ದ ಚೀಟಿ ಅವನ ಕಿಸೇದಾಗಿತ್ತು; ರಸಾಯನ ವಿಭಾಗದಾಗ ಅಳಸೇವಿ ಅಂದಿದ್ರ ಮುಗೀತಿತ್ತು, ಅದು ಸುಳ್ಳೂ ಆಗತಿರಲಿಲ್ಲ. ಬಾಗಲದ ಹಿಂದ ರುಕ್ಮವ್ವ ನನ್ನ ಹೆಸರು ಬ್ಯಾಡ ಬ್ಯಾಡ ಅಂತ ಕೈ ಆಡಸಾಕತ್ತಿದ್ದಳು. ಅಂಬಾದಾಸ ಮೂಲ್ಯಾಗ ಉಳದಿದ್ದ ಸವಳಮಣ್ಣಿನ ಬುಟ್ಟಿಗೆ ಕೈ ಹಾಕಿದ, ಒಂದು ಚಿಟಿಕಿ ಮಣ್ಣು ತಗದು ನಾಲಿಗಿ ಮ್ಯಾಲೆ ಇಟ್ಟುಕೊಂಡ.

"ಮೊದಲ ಹಿಂಗ ಸರ್. ಅಳದದ್ದು ಆಮ್ಯಾಲೆ. ಇದನ್ನ ಕಲಿಸಿದಾಕಿ ನಮ್ಮವ್ವ," ಅಂದು ಹೋಗಿ ಅಕಿ ಕೈ ಹಿಡಕೊಂಡು ನಡುವ ಕರಕೊಂಡು ಬಂದ.

ರುಕ್ಮವ್ವಗ ನಾಚಿಕಿ, ಗಾಬರಿ ಎರಡೂ. ಮಗನ ತೋಳು ಜಗ್ಗಿ, "ಉಗುಳೋ ಯಪ್ಪಾ, ಮಂದಿ ನೋಡಾಕತ್ತಾರ!" ಅಂತ ಪಿಸುಗುಟ್ಟಿದಳು.

"ನೋಡಲಿ ಬಿಡು ಬೇ," ಅಂದ ಅಂಬಾದಾಸ. ಅಕಿ ಕೈ ಬಿಡದೆ ಇನ್ನೊಂದು ಚಿಟಿಕಿ ತಗೊಂಡು ಬಾಯಾಗ ಹಾಕಿಕೊಂಡ.